ಕೆಡವಿದ ಗೋಡೆ, ಉಣ್ಣದ ಊಟ

ಕನಕಪ್ಪ ಮಾಮ ಯಾರ ಮನೆಗೆ ಹೋದರೂ ಚಪ್ಪಲಿ ಬಿಡುವ ಮೊದಲೇ ಬೆರಳ ಗೆಣ್ಣಿನಿಂದ ಗೋಡೆ ಬಡಿದು ನೋಡುತ್ತಿದ್ದ. ಸದ್ದು ಗಟ್ಟಿಯಾಗಿ ಬಂದರೆ ಒಳಗೆ ಹೋಗಿ ಆ ಗೋಡೆಗೇ ಒರಗಿ ಕೂರುತ್ತಿದ್ದ. ಪೊಳ್ಳಾಗಿ ಬಂದರೆ ಎಲ್ಲ ಗೋಡೆಗಳಿಂದ ದೂರ, ನಡುಮನೆಯಲ್ಲಿ ಕೂತು, ಅವರದೇ ಚಹ ಕುಡಿಯುತ್ತ ಅವರ ಮುಖಕ್ಕೇ ಹೇಳಿಬಿಡುತ್ತಿದ್ದ, "ಈ ಗ್ವಾಡಿ ಮುಂದಿನ ಮಳಿ ಕಾಣಂಗಿಲ್ಲ ನೋಡ್ರಿ." ತನ್ನ ಮದುವೆಯ ದಿನ ಹಂದರದ ಕಂಬ ಅಲುಗಾಡಿಸಿ ನೋಡಿ, ಅಕ್ಕಿಕಾಳು ಬೀಳುವ ಹೊತ್ತಿಗೆ ಒಂದು ಗೂಟ ಬದಲಿಸಲು ಹಚ್ಚಿದವನು. "ನನ್ನ ಮಾರಿ ನೋಡೂಕಿಂತ ಮೊದಲ ಕಂಬ ನೋಡ್ಯಾನ" ಎಂದು ನನ್ನ ಅಕ್ಕ ನೀಲವ್ವ ಸಾಯುವತನಕ ಆಡಿಕೊಂಡಳು.

ಅವನು ನನ್ನ ತಾಯಿಯ ತಮ್ಮ, ಮೇಲೆ ಅಕ್ಕನ ಗಂಡ. ಎರಡೂ ಕಡೆಯಿಂದ ಮಾಮನೇ ಆದ್ದರಿಂದ ಚೇಷ್ಟೆ ಮಾಡುವ ಹಕ್ಕು ನನಗೆ ಎರಡು ಪಟ್ಟು ಇತ್ತು. ನಮ್ಮದು ಗಜೇಂದ್ರಗಡ. ನಾನು ಅಲ್ಲಿಯ ಕನ್ನಡ ಶಾಲೆಯಲ್ಲಿ ಮಾಸ್ತರ. ಮಾಮ ಓವರ್ಸಿಯರ್ ಪರೀಕ್ಷೆ ಪಾಸಾಗಿ ನರಗುಂದದಲ್ಲಿ ಸರಕಾರಿ ನೌಕರಿಯಲ್ಲಿದ್ದ. ರಸ್ತೆ, ಶಾಲೆಯ ಕಟ್ಟಡ, ಸಣ್ಣ ಸೇತುವೆಗಳ ಉಸ್ತುವಾರಿ ಅವನ ಕೆಲಸ. ವಿದ್ಯೆಯ ಸೊಕ್ಕು ಸಾಕಷ್ಟಿತ್ತು. ಮಣ್ಣು ಬೆರೆಸಿದ ಗಾರೆ ಕಂಡರೆ ಗುತ್ತಿಗೆದಾರನ ಎದುರಿಗೇ ಕಾಲಿನಿಂದ ಒದೆಯುತ್ತಿದ್ದ. ಇಂಥವನನ್ನು ಯಾರಾದರೂ ಒಂದು ದಿನ ಕೋರ್ಟಿಗೆ ಎಳೆಯುತ್ತಾರೆಂದು ನನಗೆ ಗೊತ್ತೇ ಇತ್ತು. ಆದರೆ ಒಳ್ಳೆಯ ಕೆಲಸ ಮಾಡಿದ್ದಕ್ಕೆ ಎಳೆಯುತ್ತಾರೆ ಎಂದು ಮಾತ್ರ ತಿಳಿದಿರಲಿಲ್ಲ. ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ, ಆ ಸಿಟ್ಟಿನ ನಡುವೆಯೇ ನಗೆಯೂ ಬರುತ್ತದೆ.

ಆಗ ನಮ್ಮ ಕಡೆಯೆಲ್ಲ ಇನ್ನೂ ಮುಂಬೈ ರಾಜ್ಯದಲ್ಲಿತ್ತು. ಆ ವರ್ಷ ಹಿಂಗಾರಿ ಮಳೆ ಜಡಿ ಹಿಡಿಯಿತು. ಮಾಮ ರಜೆ ಹಾಕಿ ಊರಿಗೆ ಹೊರಟಿದ್ದ. ಮೋಟಾರು ನಡುದಾರಿಯ ಬೆಳವಣಕಿ ಮುಟ್ಟಿದಾಗ ಮುಂದಿನ ಹಳ್ಳ ದಡ ಮೀರಿ ಹರಿಯುತ್ತಿತ್ತು. ತಿರುಗಿ ನರಗುಂದಕ್ಕೆ ಹೋಗೋಣವೆಂದರೆ ಅಷ್ಟರಲ್ಲಿ ಹಿಂದಿನ ಹಳ್ಳವೂ ತುಂಬಿತು. ಉಳಿದ ಪ್ರಯಾಣಿಕರು ಮಠದಲ್ಲಿ ಕಂಬಳಿ ಹೊದ್ದು ಮಲಗಿದರು. ಮಾಮ ಮಾತ್ರ ಛತ್ರಿ ಹಿಡಿದು ಊರೊಳಗೆ ಗೋಡೆ ಬಡಿಯಲು ಹೋದ.

ಕಪ್ಪು ಮಣ್ಣಿನ ನಮ್ಮ ಎರಿ ಸೀಮೆಯ ಮನೆ ಎಂದರೆ ಮಣ್ಣಿನ ಗೋಡೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಮತ್ತೆ ಮಣ್ಣಿನದೇ ಚಾವಣಿ, ಅಂದರೆ ಮಾಳಿಗೆ. ಬಂದು ಹೋಗುವ ಮಳೆಗೆ ಅದು ಜಗ್ಗುವುದಿಲ್ಲ. ಜಡಿ ಹಿಡಿದರೆ ಮಾಳಿಗೆ ನೀರು ಕುಡಿದು ಭಾರವಾಗುತ್ತದೆ, ಗೋಡೆ ಬುಡದಲ್ಲಿ ಮೆತ್ತಗಾಗುತ್ತದೆ. ಮಾಮ ಮನೆಮನೆಗೆ ನುಗ್ಗಿ, ಬಡಿದು, ಬೈದು, ಕೆಲವರನ್ನು ರಟ್ಟೆ ಹಿಡಿದು ಎಳೆದು ಮಠಕ್ಕೆ ಸಾಗಿಸಿದ. ಅವನು ಖಾಲಿ ಮಾಡಿಸಿದ ಮನೆಗಳಲ್ಲಿ ಕೆಲವು ಅಂದೇ ಕುಸಿದವು. ಆಮೇಲೆ ಅವನ ಮಾತಿಗೆ ಯಾರೂ ಎದುರು ಹೇಳಲಿಲ್ಲ.

ಕೊನೆಗೆ ಬಂದದ್ದು ಅಜ್ಜಪ್ಪನ ಗೋದಾಮಿನ ಗೋಡೆ. ಅಜ್ಜಪ್ಪ ಕಾಳಿನ ದೊಡ್ಡ ವ್ಯಾಪಾರಿ. ಅವನ ಗೋದಾಮಿನ ಎತ್ತರದ ಮಣ್ಣುಗೋಡೆ ಒಂದು ಸಣ್ಣ ಓಣಿಯ ಉದ್ದಕ್ಕೂ ನಿಂತಿತ್ತು. ಓಣಿಯ ಒಳಗಿನ ತುದಿ ಮುಚ್ಚಿದ್ದು. ಒಳಗಿನ ಮನೆಯವರು ಹೊರಗೆ ಬರಬೇಕಾದರೆ ಆ ಗೋಡೆಯ ಕೆಳಗೇ ಹಾಯಬೇಕು. ಗೋಡೆ ಬಸುರಿಯ ಹೊಟ್ಟೆಯ ಹಾಗೆ ಓಣಿಯ ಕಡೆಗೆ ಉಬ್ಬಿತ್ತು. ಒಳಗಡೆ ಅದಕ್ಕೇ ಆನಿಸಿ ಜೋಳದ ಚೀಲ ಒಟ್ಟಿದ್ದರು. ಓಣಿಯೊಳಗೆ ಮುದುಕರು, ಬಾಣಂತಿಯರು, ಜ್ವರ ಬಂದ ಮಕ್ಕಳು. ಅಜ್ಜಪ್ಪನನ್ನು ಕೇಳೋಣವೆಂದರೆ ಅವನು ವ್ಯಾಪಾರಕ್ಕೆಂದು ನರಗುಂದಕ್ಕೆ ಹೋಗಿ ಅಲ್ಲೇ ಸಿಕ್ಕಿಬಿದ್ದಿದ್ದ. ಗೋದಾಮಿನ ಗುಮಾಸ್ತ ಬಾಗಿಲಿಗೆ ಅಡ್ಡ ನಿಂತ.

"ಧಣ್ಯಾರ ಬರೂತನಕ ಮಣ್ಣಿನ ಒಂದು ಹೆಂಟಿನೂ ಮುಟ್ಟಬ್ಯಾಡ್ರಿ."

"ನಿನ್ನ ಧಣಿ ಬರೂದರಾಗ ಗ್ವಾಡಿ ಬರತೈತಿ, ಸರಿ ಆಕಡೆ" ಎಂದ ಮಾಮ.

ಓಣಿಯ ಗಂಡಸರಿಗೆ ಅಜ್ಜಪ್ಪನ ಗೋಡೆಗೆ ಹಾರೆ ಹಾಕುವ ಧೈರ್ಯವಿರಲಿಲ್ಲ. ಆ ಗೋಡೆ ಓಣಿಯೊಳಗೆ ಒಂದು ಮೊಳ ಸರಿದಿದೆ ಎಂಬ ತಕರಾರು ಹಿಂದಿನಿಂದಲೂ ಇತ್ತು. ಈಗ ಮುಟ್ಟಿದರೆ ಅದೇ ಸೇಡು ಎನ್ನುತ್ತಾರೆ ಎಂಬ ಅಂಜಿಕೆ. ಮಾಮ ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ತಾನೇ ಹಾರೆ ಎತ್ತಿಕೊಂಡು, "ಯಾರರೆ ಕೇಳಿದ್ರ ನನ್ನ ಹೆಸರು ಹೇಳ್ರಿ" ಎಂದ. ಆಮೇಲೆ ಎಲ್ಲರೂ ಕೈಹಚ್ಚಿದರು. ಮೊದಲು ಚೀಲಗಳನ್ನು ಗೋದಾಮಿನ ಗಟ್ಟಿ ಮೂಲೆಗೆ ಸಾಗಿಸಿ ತಾಡಪತ್ರಿ ಹೊದಿಸಿದರು. ಆಮೇಲೆ ಮಾಳಿಗೆಯ ಜಂತಿಗಳಿಗೆ ಕಂಬ ಆನಿಸಿ, ಗೋಡೆಯನ್ನು ಮೇಲಿನಿಂದ ಬಿಡಿಸುತ್ತ, ಹಗ್ಗ ಹಾಕಿ ಜಗ್ಗುತ್ತ, ಚೀಲ ಸರಿಸಿದ ಒಳಜಾಗಕ್ಕೇ ಕೆಡವಿದರು. ಓಣಿಗೆ ಒಂದು ಹೆಂಟೆಯೂ ಬೀಳಲಿಲ್ಲ. ಅಜ್ಜಪ್ಪನ ಒಂದು ಕಾಳೂ ನೆನೆಯಲಿಲ್ಲ. ಮುದುಕರನ್ನು ಹೊತ್ತುಕೊಂಡು, ಮಕ್ಕಳನ್ನು ಬಗಲಲ್ಲಿ ಇಟ್ಟುಕೊಂಡು ಓಣಿಯ ಮಂದಿಯೆಲ್ಲ ಆ ದಾರಿಯಿಂದ ಹೊರಗೆ ಬಂದರು.

ಮಳೆ ನಿಂತು, ಹಳ್ಳ ಇಳಿದು, ಮೋಟಾರು ಹಾರ್ನು ಹೊಡೆಯಿತು. ಮಾಮ ಹಸಿ ಕೋಟನ್ನೇ ಹಾಕಿಕೊಂಡು ಹತ್ತಿ ಕೂತ.

ಮನೆಗೆ ಬಂದವನನ್ನು ಅಕ್ಕ ಕೇಳಿದಳು, "ಬೆಳವಣಕ್ಯಾಗ ಉಣ್ಣಾಕ ತಿನ್ನಾಕ ಹ್ಯಾಂಗ ಮಾಡಿದಿ?" "ಏನ ಕೇಳ್ತೀ, ಭಾಳ ಉಪಚಾರ ಮಾಡಿದ್ರು, ಒಲ್ಲೆ ಅಂದ್ರೂ ಬಿಡಲಿಲ್ಲ" ಎಂದು ಹೇಳುತ್ತಲೇ ಮಾಮ ಅವಳ ರೊಟ್ಟಿಯ ಬುಟ್ಟಿ ಖಾಲಿ ಮಾಡಿದ. ಅಕ್ಕ ಬುಟ್ಟಿ ನೋಡಿದಳು, ಅವನ ಮುಖ ನೋಡಿದಳು, ಮತ್ತೆ ಹಿಟ್ಟು ಕಲಸಲು ಕೂತಳು. ಒಂದು ಊರಿಗೆ ಹೋಗಿ ಉಪವಾಸ ಬಂದೆ ಎಂದು ಹೇಳಿದರೆ ಆ ಊರಿನ ಮಾನ ತೆಗೆದಂತೆ. ನಮ್ಮ ಕಡೆ ಅದನ್ನು ಯಾರೂ ಹೇಳುವುದಿಲ್ಲ. ಮಾಮ ಗೋಡೆಯ ವಿಷಯದಲ್ಲಿ ಮುಲಾಜಿಲ್ಲದವನು, ಊಟದ ವಿಷಯದಲ್ಲಿ ನಮ್ಮೆಲ್ಲರ ಹಾಗೇ ಸುಳ್ಳ.

ಸಮನ್ಸು ಬಂದದ್ದು ಸುಗ್ಗಿಯ ಹೊತ್ತಿಗೆ. ಅಜ್ಜಪ್ಪ ಕ್ರಿಮಿನಲ್ ಫಿರ್ಯಾದು ಹಾಕಿದ್ದ. ತನ್ನ ಅಜ್ಜನ ಕಾಲದ ಗಟ್ಟಿ ಗೋಡೆಯನ್ನು, ತಾನು ಊರಲ್ಲಿ ಇಲ್ಲದ್ದನ್ನು ನೋಡಿ, ಓಣಿಯವರ ಜೊತೆ ಸೇರಿಕೊಂಡು ಮಾಮ ಬೇಕೆಂದೇ ಕೆಡವಿದ್ದಾನೆ ಎಂದು. ಶಿಕ್ಷೆಯಾದರೆ ಮಾಮನ ನೌಕರಿ ಹೋಗುವುದು ನಿಶ್ಚಯ. ಮೇಲಧಿಕಾರಿಯ ಹತ್ತಿರ ಹೋದರೆ, ರಜೆಯಲ್ಲಿ ಮಾಡಿದ್ದಕ್ಕೆ ಇಲಾಖೆ ಹೊಣೆಯಲ್ಲ, ಯಾರು ಹೇಳಿದ್ದರು ನಿನಗೆ ಎಂದು ಕೈ ಕೊಡವಿಕೊಂಡರು. ಅಂದು ಮಾಮನ ಮುಖ ನೋಡಬಾರದಾಗಿತ್ತು. "ಸುಮ್ಮನ ಮಠದಾಗ ಮಲಗಿದ್ರ ನಾನು ಚಲೋ ಮನಷ್ಯಾ ಆಗ್ತಿದ್ದೆ ಅಲ್ಲೇನು?" ಎಂದು ನನ್ನನ್ನೇ ಕೇಳಿದ. ಮರುದಿನ ನಾನೇ ಅವನನ್ನು ತಾಲೂಕು ಕೋರ್ಟು ಇದ್ದ ರೋಣಕ್ಕೆ ಕರೆದುಕೊಂಡು ಹೋದೆ.

ರೋಣದಲ್ಲಿ ಕಾಶೀಂಸಾಬ ಎಂಬ ವಕೀಲರಿದ್ದರು. ಮೆತ್ತಗಿನ ಮಾತು, ದಪ್ಪ ಕನ್ನಡಕ. ಎಲ್ಲ ಕೇಳಿಕೊಂಡು ಕಾಯದೆಯ ಪುಸ್ತಕ ತೆಗೆದರು.

"ಓವರ್ಸಿಯರ್ ಸಾಹೇಬ್ರ, ನಿಮ್ಮಂಥವರು ಹುಟ್ಟತಾರಂತ ಕಾಯ್ದೆ ಬರದವರಿಗೆ ಮೊದಲ ಗೊತ್ತಿತ್ತು. ಪೀನಲ್ ಕೋಡಿನ ಎಂಬತ್ತೊಂದನೇ ಕಲಮು. ದೊಡ್ಡ ಬೆಂಕಿ ಬಿದ್ದಾಗ, ಅದು ಹಬ್ಬಬಾರದಂತ ಒಬ್ಬಾಂವ ನಡುವಿನ ಮನಿ ಕೆಡವತಾನ. ಜೀವಾ, ಆಸ್ತಿ ಉಳಸಬೇಕಂತ ಶುದ್ಧ ಮನಸಿಲೆ ಮಾಡಿದ್ರ ಅದು ಗುನ್ಹೆ ಅಲ್ಲ. ಇದು ಅದರಾಗ ಕೊಟ್ಟ ಉದಾಹರಣಿನ. ನಾವು ಬೆಂಕಿ ಇದ್ದಲ್ಲಿ ನೀರು ಅಂತ ಓದೂದು, ಅಷ್ಟ."

ಮಾಮನ ಬೆನ್ನು ನೆಟ್ಟಗಾಯಿತು. ಕಾಶೀಂಸಾಬರು ಕನ್ನಡಕ ತೆಗೆದು ಒರೆಸಿಕೊಂಡರು.

"ಆದ್ರ ಒಂದು ಮಾತು. ಕೆಡವಿದ ಗ್ವಾಡಿ ತಾನು ಬೀಳ್ತಿತ್ತೋ ಇಲ್ಲೋ, ಅದನ್ನ ಈಗ ಯಾರೂ ತೋರಸಾಕ ಆಗಂಗಿಲ್ಲ. ಹಂಗಾಗಿ ಎಲ್ಲಾ ನಿಮ್ಮ ಮನಸಿನ ಮ್ಯಾಲ ನಿಂತೈತಿ. ಓಣಿಯವರಿಗೂ ಅಜ್ಜಪ್ಪಗೂ ಮೊದಲಿಂದ ತಕರಾರು. ಅವರ ಕಡಿಂದ ನೀವು ಏನರೆ ತಗೊಂಡು ಕೆಡವೀರಿ ಅಂತ ಆದ್ರ, ಅದು ಕೂಲಿ ಕೆಲಸ ಆತು. ಕಲಮು ಕೈಬಿಡತೈತಿ."

"ನಾ ಯಾರ ಕಡಿಂದೂ ಏನೂ ತಗೊಂಡಿಲ್ರಿ."

"ಊಟ ಗೀಟ?"

ಮಾಮ ನನ್ನ ಕಡೆ ನೋಡಿದ, ನೆಲ ನೋಡಿದ. "ಅದೇನ್ರಿ, ಚಲೋ ನೋಡಿಕೊಂಡ್ರು" ಎಂದ. ವಕೀಲರ ಮುಂದೆಯೂ! ನನಗೆ ಹಣೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಕಾಶೀಂಸಾಬರು ಒಂದು ಊಟದಿಂದ ಏನೂ ಕೆಡುವುದಿಲ್ಲವೆಂದು ಅಷ್ಟಕ್ಕೇ ಬಿಟ್ಟರು.

ಕೇಸಿನ ದಿನ ಓಣಿಗೆ ಓಣಿಯೇ ಬಂಡಿ ಕಟ್ಟಿಕೊಂಡು ರೋಣಕ್ಕೆ ಬಂತು. ಹೆಂಗಸರು ಇಳಕಲ್ ಸೀರೆ ಉಟ್ಟಿದ್ದರು, ಗಂಡಸರು ಇಸ್ತ್ರಿ ಅಂಗಿ ತೊಟ್ಟಿದ್ದರು. ನಮ್ಮ ಪರವಾಗಿ ಸಾಕ್ಷಿ ಹೇಳುವವರು ಮೂವರು. ಓಣಿಯ ರೈತ ಹನಮಪ್ಪ, ಅವನ ಎದುರುಮನೆಯ ಮಾಳವ್ವ, ಮತ್ತು ಓಣಿಯ ತುದಿಯಲ್ಲಿ ಒಬ್ಬಳೇ ಇರುವ ಮುದುಕಿ ತಿಪ್ಪವ್ವ. ಅಜ್ಜಪ್ಪನ ಹೇಳಿಕೆ ಮೊದಲೇ ಮುಗಿದಿತ್ತು. ಅವನ ಪರ ಧಾರವಾಡದಿಂದ ಬಂದ ವಕೀಲರು ಬಹಳ ಹುಷಾರಿ ಮನುಷ್ಯ.

ಹನಮಪ್ಪ ಗೋಡೆ ಉಬ್ಬಿದ್ದು, ಚೀಲ ಸರಿಸಿದ್ದು ಎಲ್ಲ ಚೆನ್ನಾಗಿಯೇ ಹೇಳಿದ. ಆಗ ಧಾರವಾಡದ ವಕೀಲರು ಎದ್ದು, ಬೀಗರನ್ನು ಮಾತಾಡಿಸುವ ದನಿಯಲ್ಲಿ ಪಾಟೀಸವಾಲು ಶುರು ಮಾಡಿದರು.

"ಹನಮಪ್ಪನವರ, ಇಷ್ಟು ದೊಡ್ಡ ಉಪಕಾರ ಮಾಡಿದವರನ್ನ ನಿಮ್ಮ ಓಣಿಯವರು ಬರಿಗೈಲೆ ಕಳಿಸಿದ್ರೇನು?"

ಹನಮಪ್ಪನ ಎದೆ ಉಬ್ಬಿತು. "ಛೇ ಛೇ, ಎಂಥಾ ಮಾತ್ರೀ! ನಾವು ಅಂಥಾ ಮಂದಿ ಅಲ್ರಿ. ತಲಿಗೆ ರುಮಾಲು ಸುತ್ತಿ, ಕಾಯಿ ಕೊಟ್ಟು ಕಳಿಸೇವ್ರಿ."

ಕಾಶೀಂಸಾಬರ ಕೈಯಲ್ಲಿದ್ದ ಪೆನ್ನು ನಿಂತಿತು. ಮುಂದೆ ಮಾಳವ್ವ ಬಂದಳು. ಅವಳಿಗೂ ಅದೇ ಪ್ರಶ್ನೆ. ಹನಮಪ್ಪ ರುಮಾಲು ಸುತ್ತಿದ ಮೇಲೆ ಅವಳು ಕಡಿಮೆ ಹೇಳುವುದುಂಟೇ?

"ಹೂರಣದ ಹೋಳಿಗಿ ಮಾಡಿ ಉಣಿಸೇನ್ರಿ. ಮ್ಯಾಲ ತುಪ್ಪ. ಹೋಗಾಗ ಒಂದು ಚೀಲ ಜ್ವಾಳಾನೂ ಕೊಟ್ಟೇನ್ರಿ."

"ಹೋಳಿಗಿ? ಯಾವಾಗವಾ?" ಎಂದು ಆರೋಪಿಯ ಕಟಕಟೆಯಿಂದ ಮಾಮ ಕೂಗಿಬಿಟ್ಟ. ಕೋರ್ಟಿನಲ್ಲಿ ನಗೆ ಎದ್ದಿತು. ಮ್ಯಾಜಿಸ್ಟ್ರೇಟರು ಮೇಜು ಕುಟ್ಟಿ ಅವನನ್ನು ಸುಮ್ಮನಾಗಿಸಿದರು. ಧಾರವಾಡದ ವಕೀಲರು ಮಾತ್ರ ನಗಲಿಲ್ಲ. "ರುಮಾಲು, ಹೋಳಿಗೆ, ಚೀಲಗಟ್ಟಲೆ ಜೋಳ. ಕೂಲಿ ಸಾಕಷ್ಟಾಯಿತು, ಇದನ್ನು ಬರೆದುಕೊಳ್ಳಬೇಕು" ಎಂದು ಮ್ಯಾಜಿಸ್ಟ್ರೇಟರಿಗೆ ಕೈ ಮುಗಿದರು. ಅಜ್ಜಪ್ಪ ಅಷ್ಟು ಹೊತ್ತಿನಲ್ಲಿ ಮೊದಲ ಸಲ ಮೀಸೆಯ ಮೇಲೆ ಕೈಯಾಡಿಸಿದ.

ಮಧ್ಯಾಹ್ನದ ಬಿಡುವಿನಲ್ಲಿ ಬೇವಿನ ಗಿಡದ ಕೆಳಗೆ ಓಣಿಯವರು ಬುತ್ತಿ ಬಿಚ್ಚಿದ್ದರು. ಒಳ್ಳೆಯ ಮಾತು ಆಡಿ ಬಂದೆವೆಂಬ ಸಂತೋಷ ಎಲ್ಲರ ಮುಖದಲ್ಲಿ. ನನಗೆ ತಡೆಯಲಾಗಲಿಲ್ಲ.

"ನಿಮ್ಮ ಹೋಳಿಗಿಲೆ ಅವನ ನೌಕರಿ ಹೋತು! ಏನರೆ ತಗೊಂಡಿದ್ರ ಅದು ಕೂಲಿ, ತಗೊಳ್ಳದಿದ್ರ ಉಪಕಾರ. ಕೋರ್ಟು ಕೇಳೂದು ಅಷ್ಟ."

ಯಾರೂ ತುತ್ತು ಎತ್ತಲಿಲ್ಲ. ಮಾಳವ್ವ ಹನಮಪ್ಪನನ್ನು ಕೇಳಿದಳು, "ನೀ ಖರೇನ ರುಮಾಲು ಸುತ್ತಿದ್ಯೇನು?" ಹನಮಪ್ಪ, "ನೀ ಉಣಿಸಿರ್ತೀ ಅಂತ ತಿಳದಿದ್ನಿ" ಎಂದ. ಒಬ್ಬೊಬ್ಬರನ್ನೇ ಕೇಳುತ್ತ ಹೋದಂತೆ ಗೊತ್ತಾಯಿತು: ಆ ಮಳೆಯಲ್ಲಿ ಹಿಟ್ಟು ನೆನೆದು, ಒಲೆ ಆರಿ, ಎಲ್ಲರೂ ತಮ್ಮ ತಮ್ಮ ಜೀವ, ದನ, ಮಕ್ಕಳ ಚಿಂತೆಯಲ್ಲಿದ್ದರು. ಇನ್ನೊಬ್ಬರು ಉಣ್ಣಿಸಿರಬೇಕೆಂದು ಪ್ರತಿಯೊಬ್ಬರೂ ತಿಳಿದಿದ್ದರು. ಓಣಿಯಲ್ಲಿ ಒಬ್ಬರೂ ಉಣ್ಣಿಸಿರಲಿಲ್ಲ. ಹನಮಪ್ಪ ತಲೆ ತಗ್ಗಿಸಿ, "ಆದ್ರ ಅದನ್ನ ಈಗ ಮಂದ್ಯಾಗ ಹ್ಯಾಂಗ ಹೇಳೂದ್ರಿ ಮಾಸ್ತರ?" ಎಂದ. ತಿಪ್ಪವ್ವ ಬಿಚ್ಚಿದ ಬುತ್ತಿಯನ್ನು ಹಾಗೇ ಕಟ್ಟಿ ಬದಿಗಿಟ್ಟಳು.

ಬಿಡುವು ಮುಗಿದ ಮೇಲೆ ಅವಳ ಸರದಿ. ಧಾರವಾಡದ ವಕೀಲರು ಕೆಲಸ ಮುಗಿಯಿತೆಂಬ ಧೈರ್ಯದಲ್ಲಿ ಕೇಳಿದರು.

"ಹೇಳವಾ, ನೀ ಏನು ಕೊಟ್ಟಿ?"

"ಏನೂ ಕೊಟ್ಟಿಲ್ರಿ."

"ಊಟಾ?"

"ಇಲ್ರಿ."

"ಹೋಗಲಿ, ಕುಡಿಯಾಕ ನೀರರೆ?"

"ಅದೂ ಇಲ್ರಿ. ಸುತ್ತೆಲ್ಲಾ ನೀರಿತ್ತು, ಆ ಪುಣ್ಯಾತ್ಮಗ ಒಂದು ತಂಬಿಗಿ ನೀರು ಕೊಡಲಿಲ್ರಿ ನಾವು. ನಾ ಕೊಟ್ಟಿಲ್ಲ, ಇವರು ಯಾರೂ ಕೊಟ್ಟಿಲ್ಲ. ಹಸದು ಬಂದಾನ, ಹಸದು ದುಡದಾನ, ಹಸದು ಹೋಗ್ಯಾನ. ರುಮಾಲು ಹೋಳಿಗಿ ಎಲ್ಲಾ ನಾಚಿಕಿಗೆ ಹೇಳಿದ ಸುಳ್ಳ್ರಿ."

ವಕೀಲರು ಸಿಡಿದೆದ್ದರು. ಬಿಡುವಿನಲ್ಲಿ ಹೇಳಿಕೊಟ್ಟ ಸಾಕ್ಷಿ, ಬೆಳಿಗ್ಗೆ ಒಂದು ಮಧ್ಯಾಹ್ನ ಒಂದು, ಇದನ್ನು ನಂಬಬಾರದು ಎಂದರು. ತಿಪ್ಪವ್ವ ಕಟಕಟೆಯ ಕಟ್ಟಿಗೆಯನ್ನು ಗಟ್ಟಿ ಹಿಡಿದಿದ್ದಳು.

"ಕೊಟ್ಟೇವಿ ಅಂತ ಸುಳ್ಳು ಹೇಳೋರು ಊರ ತುಂಬ ಸಿಗತಾರ್ರಿ. ಉಪಕಾರ ಮಾಡಿದವನ್ನ ಉಪಾಸ ಕಳಿಸೇನಿ ಅಂತ ಮಂದಿ ಮುಂದ ಸುಳ್ಳು ಹೇಳಾಕ ನನಗೇನು ಹುಚ್ಚು ಹಿಡದೈತ್ರಿ? ನಾಳಿ ನಾ ಯಾರ ಮುಂದ ಮಾರಿ ಎತ್ತಿ ಅಡ್ಡಾಡ್ಲಿ?"

ಕಾಶೀಂಸಾಬರು ಎದ್ದು ನಿಂತರು. ಫಿರ್ಯಾದಿಯನ್ನು ಮತ್ತೆ ಕರೆದು ಒಂದೇ ಸಂಗತಿ ಕೇಳಲು ಅಪ್ಪಣೆ ಬೇಡಿದರು. ಮ್ಯಾಜಿಸ್ಟ್ರೇಟರು ಒಪ್ಪಿದರು. ಅಜ್ಜಪ್ಪ ಜರಿ ರುಮಾಲು ಸರಿಮಾಡಿಕೊಂಡು ಬಂದು ನಿಂತ.

"ಅಜ್ಜಪ್ಪನವರ, ನಿಮ್ಮ ಮನಿಗೆ ಒಬ್ಬಾಂವ ಬಂದು, ನಿಮಗಾಗಿ ದುಡದು, ನೀರೂ ಕುಡೀದ ಹೋದ ಅಂತ ತಿಳ್ಕೋರಿ. ಅದನ್ನ ನೀವು ಮಂದ್ಯಾಗ ಹೇಳತೀರೇನು?"

"ಹ್ಯಾಂಗ ಹೇಳ್ಲಿ? ನಮ್ಮ ಮನಿತನದಾಗ ಅಂಥಾದ್ದು ಆಗಂಗಿಲ್ಲ."

"ಆತು ಅಂತ ಇಟ್ಕೋರಿ."

"ಆದ್ರೂ ಹೇಳಂಗಿಲ್ರಿ. ಮರ್ಯಾದಿ ಐತಿ."

"ಖರೇ ಇದ್ರನ ಹೇಳಂಗಿಲ್ಲ. ಮತ್ತ ಸುಳ್ಳ ಇದ್ರ?"

"ಸುಳ್ಳ ಇದ್ರ ಯಾವಾಂವ ಹೇಳ್ತಾನ್ರಿ! ತನ್ನ ಮಾರಿಗೆ ತಾನ ಮಸಿ ಬಡಕೊಳ್ಳಾಕ..."

ಅಷ್ಟು ಹೇಳಿ ಅಜ್ಜಪ್ಪ ನಿಂತ. ಅವನ ವಕೀಲರು ಹಣೆಗೆ ಕೈಹಚ್ಚಿ ಕೂತಿದ್ದರು. ಅಜ್ಜಪ್ಪ ಕಟಕಟೆಯಿಂದ ತಿಪ್ಪವ್ವನ ಕಡೆ ನೋಡಿದ. ಅವನು ಜಿಗುಟು ಮನುಷ್ಯನಿರಬಹುದು, ಆದರೆ ನಮ್ಮ ಸೀಮೆಯವನೇ. ಆ ಮುದುಕಿ ಏನನ್ನು ಬಿಟ್ಟುಕೊಟ್ಟಳೆಂದು ಅವನಿಗೆ ತಿಳಿಯದೆ ಇರಲಿಲ್ಲ. "ಆಕಿ ಖರೇ ಹೇಳ್ಯಾಳ ಬಿಡ್ರಿ" ಎಂದು ಮೆಲ್ಲಗೆ ಅಂದು ಕೆಳಗಿಳಿದ.

ಅಲ್ಲಿಂದ ಕೋರ್ಟು ಯಾರ ಹಿಡಿತದಲ್ಲೂ ಉಳಿಯಲಿಲ್ಲ. ಹಿಂದೆ ಕೂತಿದ್ದ ಹನಮಪ್ಪ ಎದ್ದು, "ನಾ ರುಮಾಲು ಸುತ್ತಿಲ್ರಿ! ನನ್ನ ಹತ್ರ ಇದ್ದದ್ದ ಒಂದು ರುಮಾಲ್ರಿ!" ಎಂದು ಕೂಗಿದ. ಮಾಳವ್ವ, "ನಮ್ಮನಿ ಒಲಿನ ಹತ್ತಿದ್ದಿಲ್ರಿ, ಹೋಳಿಗಿ ಎಲ್ಲಿಂದ ಬರಬೇಕ್ರಿ?" ಎಂದಳು. ಇನ್ನೊಬ್ಬ, ತಾನು ಓವರ್ಸಿಯರ್ ಸಾಹೇಬರನ್ನು ಉಂಡಿರೇನು ಎಂದು ಕೂಡ ಕೇಳಿರಲಿಲ್ಲ ಎಂದ. ಬೆಳಿಗ್ಗೆ ಕೊಟ್ಟದ್ದರಲ್ಲಿ ಮೇಲಾಟ ನಡೆದಿತ್ತು, ಈಗ ಕೊಡದಿದ್ದುದರಲ್ಲಿ. ಸಿಪಾಯಿ ಸುಮ್ಮನಿರಿ ಸುಮ್ಮನಿರಿ ಎಂದು ಒದರುತ್ತಿದ್ದ. ಮಾಮ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ನಿಂತಿದ್ದ, ಅವನ ಹೆಗಲು ಅಲುಗುತ್ತಿತ್ತು. ನಗುತ್ತಿದ್ದಾನೆ ಎಂದುಕೊಂಡೆ. ಕೈ ತೆಗೆದಾಗ ಕಣ್ಣು ಕೆಂಪಾಗಿದ್ದವು.

ಮ್ಯಾಜಿಸ್ಟ್ರೇಟರು ವಿಜಾಪುರದ ಕಡೆಯವರು. ಊಟದ ಮಾನ ಅವಮಾನ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದೇ ಸಂಜೆ ತೀರ್ಪು ಓದಿದರು. ಆರೋಪಿ ಗೋಡೆ ಕೆಡವಿದ್ದು ನಿಜ, ಫಿರ್ಯಾದಿಯ ಅಪ್ಪಣೆ ಇರಲಿಲ್ಲವೆಂಬುದೂ ನಿಜ. ಆದರೆ ಅಪ್ಪಣೆ ಕೇಳುವ ದಾರಿ ನೀರಿನಡಿ ಇತ್ತು. ಅವನು ಯಾರಿಂದಲೂ ಏನನ್ನೂ ಪಡೆಯದೆ, ತನಗೆ ಗೊತ್ತಿದ್ದ ವಿದ್ಯೆಯನ್ನು ಜೀವ ಉಳಿಸಲು ಬಳಸಿದ್ದಾನೆ. ಫಿರ್ಯಾದಿಯ ಕಾಳನ್ನೂ ಉಳಿಸಿದ್ದಾನೆ. ಇಂಥವನನ್ನು ಶಿಕ್ಷಿಸಿದರೆ ಮುಂದಿನ ಮಳೆಯಲ್ಲಿ ಬಲ್ಲವರೆಲ್ಲ ಕೈಕಟ್ಟಿ ಕೂರುತ್ತಾರೆ, ಕಾಯದೆಯ ಉದ್ದೇಶ ಅದಲ್ಲ. ಆರೋಪಿ ನಿರ್ದೋಷಿ.

ಹೊರಗೆ ಹನಮಪ್ಪ ಮಾಮನನ್ನು ಹೆಗಲ ಮೇಲೆ ಎತ್ತಲು ಹೋಗಿ ಇಬ್ಬರೂ ಬೀಳುವಂತಾಯಿತು. ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದು ನಗುತ್ತಿದ್ದರು. ಕಾಶೀಂಸಾಬರು ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದರು. ನಾನು ಮಾಸ್ತರನೆಂಬುದನ್ನು ಮರೆತು ರುಮಾಲು ಮೇಲಕ್ಕೆ ತೂರಿದೆ.

ತಿಪ್ಪವ್ವ ಮಾತ್ರ ಈ ಗದ್ದಲದಲ್ಲಿ ಇರಲಿಲ್ಲ. ಕಟ್ಟಿದ ಬುತ್ತಿಯನ್ನು ಸೆರಗಿನಲ್ಲಿ ಇಟ್ಟುಕೊಂಡು, ತಲೆ ಬಗ್ಗಿಸಿ, ಬಂಡಿಯ ಕಡೆ ಒಬ್ಬಳೇ ನಡೆದಿದ್ದಳು. ಮಾಮ ಮಂದಿಯನ್ನು ಸರಿಸಿ ಅವಳ ಹಿಂದೆ ಓಡಿದ.

"ಯವ್ವಾ, ನಿಂದರು! ಮುಂಜಾನಿಂದ ಏನೂ ತಿಂದಿಲ್ಲ. ಭಾಳ ಹಸಿವ್ಯಾಗೈತಿ."

ಮುದುಕಿ ತಿರುಗಿ ನಿಂತಳು. ಅಷ್ಟು ಮಂದಿಯ ಮುಂದೆ ನಿಂತಾಗ ಅಳದವಳು ಈಗ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಲ್ಲೇ ದಾರಿಯ ಬದಿ ಕೂತು ಬುತ್ತಿ ಬಿಚ್ಚಿ, ರೊಟ್ಟಿ ಮುರಿದು, ಮೇಲೆ ಪಲ್ಯ ಇಟ್ಟು, ಕೊಡುವ ಮೊದಲು ಕೈ ತಡೆದಳು.

"ಈಗ ಕೊಟ್ರ ಕೋರ್ಟಿನವರು ಏನೂ ಅನ್ನಂಗಿಲ್ಲಲ್ಲೋ ತಮ್ಮಾ?"

"ಅಂದ್ರ ಅನ್ನಲಿ. ಯಾರ ಕೇಳಿದ್ರೂ ಬೆಳವಣಕಿಯವರು ಹೊಟ್ಟಿ ತುಂಬ ಉಣಿಸಿದ್ರು ಅಂತ ಹೇಳತೀನಿ" ಎಂದ ಮಾಮ, ರೊಟ್ಟಿಗೆ ಕೈಯೊಡ್ಡುತ್ತ. "ಈ ಸಲ ಖರೇ ಹೇಳತೀನಿ."